‘ಸಂಸ್ಕೃತ ತಗೊಂಡ್ರೆ 125ಕ್ಕೆ 125 ಬರುತ್ತಾ ಮೇಡಂ?’

ಬರುತ್ತೆ. ಕಷ್ಟಪಟ್ಟು ಓದಿದರೆ ಬರುತ್ತೆ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನಾನು ದಾವಣಗೆರೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಟೀಚರ್. ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗುತ್ತದೆ. ಅಡ್ಮಿಷನ್ ಟೇಬಲ್ ಮುಂದೆ ಕೇಳುತ್ತಾರೆ, ಸಂತೆಯಲ್ಲಿ ಸೊಪ್ಪು ಆರಿಸುವಾಗ ಕೇಳುತ್ತಾರೆ, ಮದುವೆ ಊಟಕ್ಕೆ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರು ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಏಳನೇ ಕ್ಲಾಸ್ ಮುಗಿಸಿ ಎಂಟಕ್ಕೆ ಬರುವ ಮಗು ಪ್ರಥಮ ಭಾಷೆ ಯಾವುದು ಅಂತ ಹೇಳಬೇಕು. ನಮ್ಮಲ್ಲಿ ಇರುವುದು ಕನ್ನಡ ಮತ್ತು ಸಂಸ್ಕೃತ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ಜಾಸ್ತಿ 25ರ ಮೇಲೇ ಎಲ್ಲರ ಕಣ್ಣು.

ನನಗೆ ಸಿಟ್ಟು ಬರುವುದು ಆ ‘ಬರುತ್ತಾ’ ಅನ್ನುವ ಪದಕ್ಕೆ. ಬೋರ್‌ವೆಲ್ ಕೊರೆಸುವವರು ನೀರು ಬರುತ್ತಾ ಅಂತ ಕೇಳಿದ ಹಾಗೆ ಕೇಳುತ್ತಾರೆ. ಮಗುವಿಗೆ ಸಂಸ್ಕೃತ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಕನ್ನಡ ಬರುತ್ತಾ ಅಂತಂತೂ ಕೇಳುವುದೇ ಇಲ್ಲ, ಮನೆಯಲ್ಲಿ ಮಾತಾಡುತ್ತಾರಲ್ಲ, ಅಷ್ಟು ಸಾಕು ಅಂದುಕೊಂಡಿರುತ್ತಾರೆ.

ಅಂಕ ಯಾಕೆ ಸಿಗುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ. ನಮ್ಮ ಪೇಪರಿನಲ್ಲಿ ಕೆಲವು ಉತ್ತರಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಶಬ್ದರೂಪ, ಧಾತುರೂಪ ಬಾಯಿಪಾಠ ಆಗಿದ್ದರೆ ಅಂಕ ಕತ್ತರಿಸಲು ಜಾಗ ಇರುವುದಿಲ್ಲ. ಪ್ರಥಮ ಭಾಷೆ ಕನ್ನಡದಲ್ಲಿ ಹಾಗಲ್ಲ. ಅಲ್ಲಿ ಹಳಗನ್ನಡ ಇದೆ, ಷಟ್ಪದಿಗೆ ಪ್ರಸ್ತಾರ ಹಾಕಬೇಕು, ಗಾದೆ ವಿಸ್ತರಿಸಬೇಕು, ಪತ್ರ ಬರೆಯಬೇಕು, ಪ್ರಬಂಧ ಬರೆಯಬೇಕು. ಸ್ವಂತ ವಾಕ್ಯ ಕಟ್ಟಬೇಕಾದ ಕಡೆಯೆಲ್ಲ ಅರ್ಧ, ಒಂದು ಅಂಕ ಜಾರುತ್ತದೆ. ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

ಕೆಲವು ವರ್ಷದ ಹಿಂದೆ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಟಿಸಿ, ಜಾತಿ ಪ್ರಮಾಣಪತ್ರ, ಫೋಟೋ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ಜೋಡಿಸಿದ್ದರು. ಮಾತು ಶುರುವಾಗಿದ್ದೇ 125ರಿಂದ. ಅಣ್ಣನ ಮಗನಿಗೆ ಎಷ್ಟು ಬಂತು, ಪಕ್ಕದ ಮನೆ ಹುಡುಗಿಗೆ ಎಷ್ಟು ಬಂತು, ಎಲ್ಲ ಹೇಳಿದರು. ಹುಡುಗಿ ಏನೂ ಮಾತಾಡಲಿಲ್ಲ. ಕತ್ತು ಓರೆ ಮಾಡಿಕೊಂಡು ನನ್ನ ಟೇಬಲ್ಲಿಗೆ ಹಾಸಿದ್ದ ಹಳೇ ಪೇಪರ್ ಓದುತ್ತಿದ್ದಳು. ಪೇಪರ್ ಇದ್ದದ್ದು ನನ್ನ ಕಡೆಗೆ, ಅವಳಿಗೆ ತಲೆಕೆಳಗು. ಆದರೂ ತುಟಿ ಅಲ್ಲಾಡಿಸುತ್ತಾ ಸರಸರ ಓದುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು: “ಮಿಸ್, ಆ ರಿಜಿಸ್ಟರ್ ಸ್ವಲ್ಪ ಸರಿಸ್ತೀರಾ? ಚಿರತೇನ ಬಾವಿಯಿಂದ ಎತ್ತಿದ್ರಾ ಇಲ್ವಾ ಅಂತ ಕಾಣ್ತಿಲ್ಲ.”

“ಸುಮ್ನಿರೇ, ದೊಡ್ಡವರು ಮಾತಾಡ್ತಿಲ್ವಾ?” ಅಂದರು ಅಪ್ಪ.

ನಾನು ರಿಜಿಸ್ಟರ್ ಸರಿಸಿದೆ. ಆಮೇಲೆ ಅದೇ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಪ್ರಥಮ ಭಾಷೆ: ಸಂಸ್ಕೃತ’ ಅಂತ ಬರೆದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಅಕ್ಷರದ ಹಸಿವು ಇದ್ದ ಮಗು ಅದು. ತಲೆಕೆಳಗಿನ ಪೇಪರನ್ನೂ ಬಿಡದೆ ಓದುವ ಹುಡುಗಿಗೆ ಪ್ರಥಮ ಭಾಷೆಯ ಕನ್ನಡ ಪುಸ್ತಕ ಕೊಟ್ಟಿದ್ದರೆ ರಜೆ ಮುಗಿಯುವುದರೊಳಗೆ ಪೂರ್ತಿ ಓದಿ ಮುಗಿಸುತ್ತಿದ್ದಳು. “ಸರ್, ಇವಳಿಗೆ ಕನ್ನಡವೇ ಇರಲಿ” ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಕ್ಲಾಸಿಗೆ ಮಕ್ಕಳು ಕಮ್ಮಿಯಾದರೆ ಪೋಸ್ಟಿಗೇ ಕುತ್ತು ಬರುತ್ತದೆ, ಆ ಭಯವೂ ಒಳಗೆ ಇತ್ತು.

ಮೂರು ವರ್ಷ ಚೆನ್ನಾಗಿಯೇ ಓದಿದಳು. ರಿಸಲ್ಟ್ ದಿನ ಅಪ್ಪನ ಜೊತೆ ಬಂದಳು, ಕಣ್ಣು ಕೆಂಪಗೆ ಊದಿತ್ತು. 124 ಬಂದಿತ್ತು. ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿದರೆ ಎಲ್ಲೋ ಒಂದು ಕಡೆ ವಿಸರ್ಗ ಬಿಟ್ಟಿದ್ದಳು. ಮರುಮೌಲ್ಯಮಾಪನಕ್ಕೆ ಹಾಕೋಣವಾ ಅಂತ ಅಪ್ಪ ಕೇಳುತ್ತಿದ್ದರು. ನಾನು ಅವಳನ್ನು, “ಈಗ ಏನು ಓದ್ತಿದೀಯಾ, ಕಥೆ ಗಿಥೆ?” ಅಂದೆ. “ಎಲ್ಲಿ ಮಿಸ್, ಟೈಮೇ ಇರಲಿಲ್ಲ. ಈಗ ಕನ್ನಡ ಓದಕ್ಕೆ ಕೂತ್ರೆ ನಿಧಾನ ಆಗತ್ತೆ” ಅಂದಳು. ಅವಳಿಗೆ ಕನ್ನಡ ತೃತೀಯ ಭಾಷೆ ಆಗಿತ್ತು. ಅದರಲ್ಲಿ ನೂರಕ್ಕೆ ನೂರು ಬಂದಿತ್ತು.

ಆ ಒಂದು ಅಂಕ ಮುಂದೆ ಎಲ್ಲಿಗೆ ಬೇಕಾಯಿತು? ಪಿಯು ಅಡ್ಮಿಷನ್‌ವರೆಗೆ ಅಷ್ಟೇ. ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಕೊಡುವಾಗ ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ, ಇನ್ನರ್ಧ ಸಿಇಟಿ ಅಂಕ. ಮೆಡಿಕಲ್‌ಗೆ ನೀಟ್. ಎಸ್ಸೆಸ್ಸೆಲ್ಸಿಯ ಭಾಷೆಯ ಅಂಕ ಅಲ್ಲೆಲ್ಲೂ ಲೆಕ್ಕಕ್ಕಿಲ್ಲ. ಓದುವ ವೇಗ ಮಾತ್ರ ಎಲ್ಲ ಕಡೆಗೂ ಬೇಕು.

ಇದನ್ನು ಹೇಳಿದರೆ ಎರಡೂ ಕಡೆಯಿಂದ ಬೈಗುಳ. “ಸಂಸ್ಕೃತದ ಅನ್ನ ತಿಂದು ಸಂಸ್ಕೃತ ಬೇಡ ಅಂತೀರಲ್ಲ” ಅನ್ನುತ್ತಾರೆ ಒಬ್ಬರು. “ನಿಮ್ಮಂಥವರಿಂದಲೇ ಕನ್ನಡ ಹಾಳಾಗಿದ್ದು” ಅನ್ನುತ್ತಾರೆ ಇನ್ನೊಬ್ಬರು. ಈ ಜಗಳ ನನ್ನ ಕಾಲದ್ದಲ್ಲ. ಹಿಂದೆ ಸಂಸ್ಕೃತ ತೆಗೆದುಕೊಂಡು ಕನ್ನಡ ಕಲಿಯದೇ ಹೈಸ್ಕೂಲ್ ಮುಗಿಸಬಹುದು ಅನ್ನುವುದೇ ದೊಡ್ಡ ತಕರಾರಾಗಿ, 1980ರಲ್ಲಿ ವಿ. ಕೃ. ಗೋಕಾಕರ ಸಮಿತಿ ಬಂತು. ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆ ಆಗಲಿ, ಅದಕ್ಕೆ 150 ಅಂಕ ಇರಲಿ ಅಂತ 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಮೇಲೆ ಊರೂರಲ್ಲಿ ಜನ ಎದ್ದರು. ಅಷ್ಟೆಲ್ಲ ಆದ ಮೇಲೂ ನನ್ನ ಟೇಬಲ್ ಮುಂದೆ ಮಾತು ಅಂಕದ ಹತ್ತಿರವೇ ನಿಂತಿದೆ.

ನಾನು ಸಂಸ್ಕೃತ ಬೇಡ ಅನ್ನುವುದಿಲ್ಲ. ಪ್ರೀತಿಯಿಂದ ಕಲಿತ ಭಾಷೆ ಅದು, ಪ್ರೀತಿಯಿಂದ ಕಲಿಸುತ್ತೇನೆ. ಅದನ್ನು ಬರೀ ಅಂಕದ ಮಷೀನ್ ಮಾಡಿದರೆ ನೋವಾಗುತ್ತದೆ.

ನನ್ನನ್ನು ಯಾರಾದರೂ, “ಮೇಡಂ, ನಮ್ಮ ಮಗು ಮೂರು ವರ್ಷ ಆದ ಮೇಲೆ ಏನನ್ನು ತಾನಾಗಿ ಓದಬಲ್ಲದು?” ಅಂತ ಕೇಳಲಿ. ಕೂತು ಒಂದು ಗಂಟೆ ಮಾತಾಡುತ್ತೇನೆ. ಈಗ ಯಾರೂ ಕೇಳದಿದ್ದರೂ ನಾನೇ ಶುರು ಮಾಡಿದ್ದೇನೆ. ಅಪ್ಪ ಅಮ್ಮನನ್ನು ಆಚೆ ಬೆಂಚಿನ ಮೇಲೆ ಕೂರಿಸಿ, ಮಗುವಿಗೆ ಏಳನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಕೊಡುತ್ತೇನೆ. ಓದಲಿ, ಓದಿದ್ದನ್ನು ಪುಸ್ತಕ ಮುಚ್ಚಿ ನನಗೆ ಹೇಳಲಿ. ಚೆನ್ನಾಗಿ ಓದುವ ಮಗುವಾದರೆ ಕನ್ನಡ ತೆಗೆದುಕೊ ಅನ್ನುತ್ತೇನೆ, ಅದು ಇನ್ನೂ ಎತ್ತರಕ್ಕೆ ಹೋಗುತ್ತದೆ. ತಡವರಿಸುವ ಮಗುವಾದರೆ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ. ಸಂಸ್ಕೃತ ಕೊಟ್ಟರೆ ಆ ತಡವರಿಕೆ ಹಾಗೇ ಉಳಿದುಬಿಡುತ್ತದೆ, ಅದಕ್ಕೇ ಎಷ್ಟೋ ಸಲ ಅಂಥವರಿಗೂ ಕನ್ನಡವನ್ನೇ ಹೇಳುತ್ತೇನೆ. ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಸಂಸ್ಕೃತ ನಿಜವಾಗಿ ಸಹಾಯ ಮಾಡುತ್ತದೆ, ಯಾಕೆಂದರೆ ಅಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮೊದಲ ಪಾಠದಿಂದಲೇ ಶುರು ಮಾಡುತ್ತಾರೆ. ಭಾಷೆ ಹೇಗೆ ಕಟ್ಟಿದೆ ಅಂತ ಬಿಚ್ಚಿ ನೋಡುವ ಚಟ ಇರುವ ಮಕ್ಕಳೂ ಇರುತ್ತಾರೆ. ಅವರನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅಂಥ ಒಬ್ಬ ಹುಡುಗ ಇದ್ದ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಎಂಟನೇ ಕ್ಲಾಸಿನಲ್ಲಿ ಏಕವಚನ, ದ್ವಿವಚನ, ಬಹುವಚನ ಹೇಳಿಕೊಡುವಾಗ ಕೈ ಎತ್ತಿದ. “ಮಿಸ್, ಎರಡಕ್ಕೇ ಅಂತ ಬೇರೆ ರೂಪ ಯಾಕೆ? ಕನ್ನಡದಲ್ಲಿ ಇಲ್ವಲ್ಲ.” ಕಣ್ಣು ಎರಡು, ಕಿವಿ ಎರಡು, ಜೋಡಿಯಾಗಿ ಇರುವುದು ಎಷ್ಟೊಂದಿದೆ ನೋಡು ಅಂದೆ. ಅವನು ಸಮಾಧಾನ ಆಗದವನ ಹಾಗೆ ಕೂತ. ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. “ಮಿಸ್, ವೃಷಭೌ! ನೊಗಕ್ಕೆ ಕಟ್ಟೋವಾಗ ಒಂದೇ ಎತ್ತು ಆಗಲ್ಲ, ಮೂರೂ ಆಗಲ್ಲ. ಅದಕ್ಕೇ ಅಲ್ವಾ?”

ಅವನಿಗೆ ಕೊನೆಗೆ ಬಂದದ್ದು 125ಕ್ಕೆ 97. ಅವನ ಅಪ್ಪ ಅಂಕಪಟ್ಟಿ ತೆಗೆದುಕೊಳ್ಳಲು ಬಂದಾಗ, “ಮನೇಲಿ ಎತ್ತುಗಳಿಗೆ ಈಗ ಸಂಸ್ಕೃತದಲ್ಲೇ ಹೆಸರು ಮೇಡಂ” ಅಂದರು.