ಕೇಳದೇ ಬಿಟ್ಟ ಹೆಸರು

ನಾರ್ವೆಯ ಓಸ್ಲೋದಿಂದ ಬೆಂಗಳೂರಿಗೆ ರಜೆಗೆ ಬಂದು ಹತ್ತು ದಿನವಾಯಿತು. ಮೊನ್ನೆ ಗಾಂಧಿ ಬಜಾರಿನಲ್ಲಿ ಹಳೆಯ ಆಫೀಸಿನ ಗೆಳತಿ ಸಿಕ್ಕಳು. ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಗೆ ನಾವಿಬ್ಬರೂ ಒಂದೇ ವಾರ ಸೇರಿದ್ದೆವು. ಕೆಲಸದಲ್ಲಿ ಅವಳು ನನಗಿಂತ ಯಾವಾಗಲೂ ಒಂದು ಕೈ ಮೇಲೆ. ಆರು ವರ್ಷದಿಂದ ಅದೇ ಮ್ಯಾನೇಜರ್ ಹುದ್ದೆಯಲ್ಲಿದ್ದಾಳೆ. ಅವಳೇ ಕೆಲಸ ಕಲಿಸಿದ ಹುಡುಗ ಈಗ ಅವಳ ಬಾಸ್.

ಮಗುವಾದ ವರ್ಷ ಅವಳಿಗೆ ಸಾಧಾರಣ ರೇಟಿಂಗ್ ಬಂತು. ಅರ್ಧ ವರ್ಷ ಇರಲಿಲ್ಲವಲ್ಲ ಎಂದರಂತೆ. ಆ ಒಂದು ರೇಟಿಂಗ್‌ನಿಂದ ಎರಡು ವರ್ಷ ಬಡ್ತಿ ತಪ್ಪಿತು. ಆಮೇಲೆ ದೊಡ್ಡ ಅಮೆರಿಕನ್ ಕ್ಲೈಂಟ್‌ನ ಕೆಲಸ ಬಂದಾಗ ಅವಳ ಹೆಸರನ್ನೇ ಎತ್ತಲಿಲ್ಲ. "ಮಗು ಚಿಕ್ಕದು, ರಾತ್ರಿ ಕಾಲ್ ಇರುತ್ತೆ, ನಿಮಗೆ ತೊಂದರೆ ಕೊಡೋದು ಬೇಡ ಅಂತ ಕೇಳಲಿಲ್ಲ" ಎಂದರಂತೆ. ನಾನು ಆ ಕಂಪನಿಯಲ್ಲಿದ್ದಾಗ ನನಗೂ ಇದೇ ಮಾತು ಹೇಳಿದ್ದರು, ಅಷ್ಟೇ ಪ್ರೀತಿಯಿಂದ. ಬೈದಿದ್ದರೆ ಜಗಳವಾಡಬಹುದಿತ್ತು. ಕಾಳಜಿಯ ಜೊತೆ ಹೇಗೆ ಜಗಳವಾಡುವುದು? ಮೇಲಿನ ಕುರ್ಚಿಗೆ ಹೆಸರು ಆರಿಸುವ ಹೊತ್ತಿಗೆ, ಅಂಥ ಕೆಲಸ ಮಾಡಿದವರ ಪಟ್ಟಿಯಲ್ಲಿ ನಾವು ಇರುವುದೇ ಇಲ್ಲ.

ಈ ಮಾತು ಬಂದಾಗಲೆಲ್ಲ ಯಾರಾದರೂ ಕಿರಣ್ ಮಜುಂದಾರ್ ಷಾ ಅವರ ಹೆಸರು ಹೇಳುತ್ತಾರೆ. 1978ರಲ್ಲಿ ಇದೇ ಊರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಶುರು ಮಾಡಿದವರು, ನಿಜವಾಗಿಯೂ ದೊಡ್ಡವರು. ಆದರೆ ಸ್ವಂತ ಕಂಪನಿ ಕಟ್ಟುವುದು ಬೇರೆ ದಾರಿ. ಬೇರೆಯವರ ಕಂಪನಿಯಲ್ಲಿ ಮೇಲೆ ಹೋಗಬೇಕಾದರೆ ನಿಮ್ಮ ಹೆಸರನ್ನು ಇನ್ನೊಬ್ಬರು ಹೇಳಬೇಕು, ಅಲ್ವಾ?

ಕಾನೂನು ಇಲ್ಲವೆಂದಲ್ಲ. 2013ರ ಕಂಪನಿ ಕಾಯಿದೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎನ್ನುತ್ತದೆ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ. ಆದರೆ ಆ ಸಂಬಳವನ್ನು ಕಂಪನಿಯೇ ಕೊಡಬೇಕು. ಖಾಸಗಿ ಕೆಲಸದ ಅಪ್ಪಂದಿರಿಗೆ ಅಂಥ ಕಾನೂನೇ ಇಲ್ಲ. ಹಾಗಾಗಿ ಹೊಸದಾಗಿ ಮದುವೆಯಾದ ಹುಡುಗಿ ಇಂಟರ್‌ವ್ಯೂಗೆ ಬಂದರೆ ಎದುರಿಗಿದ್ದವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಹುಡುಗನಿಗೆ ಆ ಲೆಕ್ಕವಿಲ್ಲ.

ನಾರ್ವೆಯಲ್ಲಿ ನನಗೆ ಕಣ್ಣು ತೆರೆಸಿದ್ದು ಇದೇ. ಅಲ್ಲಿ 1993ರಿಂದ ರಜೆಯ ಒಂದು ಪಾಲು ಅಪ್ಪನದೇ. ಈಗ 15 ವಾರ. ಅವನು ತೆಗೆದುಕೊಳ್ಳದಿದ್ದರೆ ಆ ಪಾಲು ಹೋಯಿತು. ದುಡ್ಡು ಕೊಡುವುದು ಸರ್ಕಾರ. ನನ್ನ ಬಾಸ್ ಪ್ರಾಜೆಕ್ಟಿನ ನಡುವೆಯೇ ಈ ರಜೆಗೆ ಎದ್ದು ಹೋದರು, ಮಗುವಿಗೆ ಗಂಜಿ ತಿನ್ನಿಸಿ ವಾಪಸ್ ಬಂದರು. ಮಗುವಿಗೆ ಜ್ವರ ಬಂದರೆ ವರ್ಷಕ್ಕೆ 10 ದಿನ ಅಮ್ಮನಿಗೂ ರಜೆ, ಅಪ್ಪನಿಗೂ ರಜೆ. ನಮ್ಮ ಟೀಮಿನಲ್ಲಿ ಸಂಜೆ ನಾಲ್ಕರ ಮೇಲೆ ಮೀಟಿಂಗ್ ಇಡುವುದಿಲ್ಲ. ಗಂಡಸರೂ ಶಿಶುವಿಹಾರಕ್ಕೆ ಓಡಬೇಕಲ್ಲ!

ಅಲ್ಲಿ ಎಲ್ಲ ಸರಿಯಿದೆ ಎಂದರೆ ಸುಳ್ಳಾಗುತ್ತದೆ. ದೊಡ್ಡ ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಮಂಡಳಿಯಲ್ಲಿ ಶೇ. 40ರಷ್ಟು ಮಹಿಳೆಯರು ಇರಲೇಬೇಕು ಎಂಬ ಕಾನೂನು 2008ರಿಂದ ಪೂರ್ತಿ ಜಾರಿಯಲ್ಲಿದೆ. ಆದರೂ ಸಿಇಒ ಕುರ್ಚಿಗಳಲ್ಲಿ ಇಂದಿಗೂ ಗಂಡಸರೇ ಜಾಸ್ತಿ.

ನನ್ನ ತಮ್ಮನ ಹೆಂಡತಿಗೆ ಈಗ ಏಳು ತಿಂಗಳು. ಅವನ ಕಂಪನಿ ಅಪ್ಪಂದಿರಿಗೂ ನಾಲ್ಕು ವಾರ ರಜೆ ಕೊಡುತ್ತದೆ. ಬಾಸ್ ಏನಂದುಕೊಳ್ಳುತ್ತಾರೋ ಎಂದು ಒಂದೇ ವಾರಕ್ಕೆ ಅರ್ಜಿ ಬರೆದಿಟ್ಟಿದ್ದ. ನಿನ್ನೆ ಊಟವಾದ ಮೇಲೆ ಗೆಳತಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಲ್ಯಾಪ್‌ಟಾಪ್ ತೆಗೆದು ನಾಲ್ಕು ವಾರ ಎಂದು ತಿದ್ದಿದ.