ಈ ವರ್ಷ ಅದಕ್ಕೆ ರೆಸ್ಟು

ಈ ವಾರ ನಮ್ಮ ಟೆರೇಸಿನ ನೆರಳಲ್ಲಿ ಅರಿಸೀಮಾ ಹೂ ಬಿಟ್ಟಿತು. ಕೋಬ್ರಾ ಲಿಲಿ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಟಾರ್ಚ್ ಹಾಕಿ ಹಾವಿನ ಹೆಡೆಯಂಥ ಹೂವಿನೊಳಗೆ ಬಗ್ಗಿ ನೋಡಿದೆ. ನಡುವಿನ ದಂಡಿನ ಬುಡದಲ್ಲಿ ಹೋದ ಮಳೆಗಾಲದ ಹಾಗೆ ಒತ್ತೊತ್ತಾದ ಹಸಿರು ಕಾಳುಗಳಿಲ್ಲ. ಬೆರಳು ತಾಗಿಸಿದರೆ ಪರಾಗ ಮೆತ್ತಿಕೊಂಡಿತು. ಹೋದ ವರ್ಷ ಹೆಣ್ಣಾಗಿದ್ದ ಗಿಡ ಈ ವರ್ಷ ಗಂಡಾಗಿದೆ!

ಮನೆಗೆ ಬಂದಿದ್ದ ಭಾವ, "ಅಯ್ಯೋ, ಡಿಮೋಷನ್ ಆಯ್ತಲ್ಲ" ಎಂದರು. ಅವರಿಗೆ ಎಲ್ಲವೂ ಆಫೀಸಿನ ಲೆಕ್ಕವೇ. ಬಟ್ಟೆ ಒಣಹಾಕುತ್ತಿದ್ದ ಕೆಲಸದ ಅಕ್ಕ ಮಾತ್ರ ಕ್ಲಿಪ್ಪು ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಬಂದರು. "ಯಾಕಮ್ಮಾ ಹಂಗಾಯ್ತು?"

ವಿವರಿಸಿದೆ. ಈ ಗಿಡದ ಜೀವವೆಲ್ಲ ಮಣ್ಣೊಳಗಿನ ಗೆಡ್ಡೆಯಲ್ಲಿ. ಗೆಡ್ಡೆ ಚಿಕ್ಕದಿದ್ದರೆ ಗಂಡು ಹೂ. ವರ್ಷವರ್ಷ ತಿಂದು ದಪ್ಪಗಾದರೆ ಹೆಣ್ಣು ಹೂ. ಪರಾಗ ಮಾಡಲು ಖರ್ಚು ಕಡಿಮೆ, ಹಣ್ಣು ಬೆಳೆಸಲು ಖರ್ಚು ಜಾಸ್ತಿ. ಹೋದ ವರ್ಷ ಪಕ್ಕದ ಕುಂಡದ ಪರಾಗವನ್ನು ಬ್ರಷ್ಷಿನಲ್ಲಿ ತಾಗಿಸಿದ್ದೆ. ದಂಡಿನ ತುಂಬ ಕೆಂಪು ಹಣ್ಣು ಬಂದವು. ಅಷ್ಟು ಹೊತ್ತ ಮೇಲೆ ಗೆಡ್ಡೆ ಸೊರಗಿದೆ. ಅದಕ್ಕೇ ಮತ್ತೆ ಗಂಡಾಗಿದೆ.

ಅಕ್ಕ ಸ್ವಲ್ಪ ಹೊತ್ತು ಗಿಡವನ್ನೇ ನೋಡಿದರು. "ಸದ್ಯ, ಅದಕ್ಕಾದ್ರೂ ಈ ವರ್ಷ ರೆಸ್ಟು ಸಿಕ್ತು ಬಿಡಿ" ಎಂದು ಮತ್ತೆ ಬಟ್ಟೆ ಕಡೆ ಹೋದರು.

ಆ ಮಾತು ನನ್ನನ್ನು ಬಿಡುತ್ತಿಲ್ಲ. ಈ ಗಿಡದ ಬಗ್ಗೆ ಎಷ್ಟೊಂದು ಓದಿದ್ದೇನೆ. ಎಲ್ಲೂ ರೆಸ್ಟು ಅನ್ನುವ ಮಾತು ಕಣ್ಣಿಗೆ ಬಿದ್ದಿರಲಿಲ್ಲ. ಮೂರು ಮನೆ ಕೆಲಸ ಮುಗಿಸಿ, ಸಂಜೆ ಸೊಸೆಯ ಕೂಸನ್ನು ನೋಡಿಕೊಳ್ಳುವವರಿಗೆ ಅದು ಒಂದೇ ನೋಟಕ್ಕೆ ಕಂಡಿತು.

ಇದರ ಗೆಡ್ಡೆ ಬಂದಿದ್ದು ಮೂಡಿಗೆರೆ ಕಡೆಯ ನೆಂಟರ ಕಾಫಿ ತೋಟದಿಂದ. ದಾರಿ ಮಾಡಲು ಜೆಸಿಬಿ ಬಂದಾಗ ಎತ್ತಿಟ್ಟಿದ್ದು. ಘಟ್ಟದ ಕಾಡಿನಿಂದ ಅಗೆದು ತಂದು ಮಾರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಣ್ಣು ಕೊಡುವ ದೊಡ್ಡ ಗೆಡ್ಡೆಗಳನ್ನೇ ಅವರು ಮೊದಲು ಕೀಳುವುದು. ಕಾಡಿನಲ್ಲಿ ಉಳಿಯುವುದು ಬರೀ ಗಂಡು. ಇನ್ನು ಬೀಜ ಎಲ್ಲಿಂದ ಬರಬೇಕು?

ಸಾಕುವುದು ಕಷ್ಟವಿಲ್ಲ, ಸುಮ್ನಿರಲು ಬರಬೇಕು ಅಷ್ಟೇ. ನೀರು ನಿಲ್ಲದ ಮಣ್ಣು, ಅರ್ಧಕ್ಕರ್ಧ ಕೊಳೆತ ಎಲೆಗೊಬ್ಬರ, ನೆರಳು. ಮಳೆಗಾಲ ಮುಗಿದು ಎಲೆ ಹಳದಿಯಾದರೆ ನೀರು ನಿಲ್ಲಿಸಬೇಕು. ಆಮೇಲೆ ಮುಂದಿನ ಮಳೆವರೆಗೆ ಖಾಲಿ ಕುಂಡ. ಬಂದವರೆಲ್ಲ "ಸತ್ತಿದೆ, ಬಿಸಾಕಿ" ಅನ್ನುತ್ತಾರೆ. ಪತ್ರೊಡೆಯ ಕೆಸು, ಸುವರ್ಣಗೆಡ್ಡೆ ಇದರ ನೆಂಟರೇ. ತುರಿಸುವ ಆ ಸೂಜಿ ಹರಳುಗಳು ಇದರಲ್ಲೂ ಇವೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಒಂದು ವಿಷಯವನ್ನು ಅಕ್ಕನಿಗೆ ಹೇಳಲಿಲ್ಲ. ಪರಾಗ ಸಾಗಿಸುವುದು ಅಣಬೆ ವಾಸನೆಗೆ ಮರುಳಾಗುವ ಸಣ್ಣ ನೊಣಗಳು. ಗಂಡು ಹೂವಿನ ಬುಡದಲ್ಲಿ ಒಂದು ಸಂದು ಇರುತ್ತದೆ, ಮೈಗೆ ಪರಾಗ ಮೆತ್ತಿಕೊಂಡು ಅಲ್ಲಿಂದ ಆಚೆ ಬರುತ್ತವೆ. ಹೆಣ್ಣು ಹೂವಿಗೆ ಆ ಸಂದಿಲ್ಲ. ಒಳಗೆ ಹೋದ ನೊಣ ಅಲ್ಲೇ ಸಾಯುತ್ತದೆ. ಹೋದ ವರ್ಷದ ಹೂವನ್ನು ಸೀಳಿದಾಗ ತಳದಲ್ಲಿ ಒಣಗಿದ ನೊಣಗಳು ಸಿಕ್ಕಿದ್ದವು. ಯಾರೋ ಒಬ್ಬರು ದಣಿಯದೆ, ಯಾರೋ ಒಬ್ಬರು ಸಾಯದೆ ಆ ಕೆಂಪು ಹಣ್ಣು ಆಗುವುದಿಲ್ಲ ಅಲ್ವಾ?

ಈ ಸಲ ಬ್ರಷ್ಷಿಗೆ ಕೆಲಸವೇ ಇಲ್ಲ. ಮುಂದಿನ ವರ್ಷ ಹೆಣ್ಣಾದರೂ ಬ್ರಷ್ ಎತ್ತುವುದಿಲ್ಲ, ಗೆಡ್ಡೆ ಗಟ್ಟಿಯಾಗಲಿ.

ಅಕ್ಕನಿಗೂ ಭಾನುವಾರ ಬರಬೇಡಿ ಎಂದೆ. "ಸಂಬಳದಲ್ಲಿ ಹಿಡ್ಕೊಳ್ತೀರಾ?" ಎಂದರು. ಇಲ್ಲ ಎಂದೆ. ಮೆಟ್ಟಿಲಿಳಿಯುವಾಗ ನಿಂತು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಉಳಿದೆರಡು ಮನೆಯವರು ಭಾನುವಾರವೂ ಕರೆಯುತ್ತಾರಂತೆ.