ಮಿಂಚೂ ಸದ್ದೂ ಒಟ್ಟಿಗೆ ಬರೋದಿಲ್ಲ

ಯುದ್ಧದ ಸಿನಿಮಾಗಳು ಬಾಂಬ್ ದಾಳಿ ತೋರಿಸುವಾಗ ಈ ಮಾತು ಮರೀತವೆ. ಬೀದರಿನವರಿಗೆ ಮಾತ್ರ ಇದನ್ನ ಬಿಡಿಸಿ ಹೇಳಬೇಕಿಲ್ಲ. ವಾಯುನೆಲೆಯಿಂದ ಎದ್ದ ಹಾಕ್ ತರಬೇತಿ ವಿಮಾನ ಕೋಟೆ ಕಡೆ ಕಾಣುತ್ತೆ, ಸದ್ದು ಮಾತ್ರ ಅದು ದಾಟಿ ಬಂದ ಜಾಗದಿಂದ ಕೇಳುತ್ತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ಓಡೋದು. 3 ಕಿಲೋಮೀಟರ್ ಆಚೆ ಬಾಂಬ್ ಸಿಡಿದರೆ ಮಿಂಚು ಕಂಡ ಮೇಲೆ 9 ಸೆಕೆಂಡು ಮೌನ. ಸಿನಿಮಾದಲ್ಲಿ ಮಾತ್ರ ಎರಡೂ ಒಟ್ಟಿಗೆ.

ಸಿನಿಮಾದಲ್ಲಿ ಬಾಂಬ್ ಬೀಳುವ ಲೆಕ್ಕವೂ ತಪ್ಪು. 6 ಕಿಲೋಮೀಟರ್ ಎತ್ತರದಿಂದ ಬಿಟ್ಟ ಬಾಂಬ್ ನೆಲ ಮುಟ್ಟಲು 35 ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 360 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ ಮೂರೂವರೆ ಕಿಲೋಮೀಟರ್ ಮುಂದೆ ಹೋಗಿರುತ್ತೆ, ಬಾಂಬೂ ಆ ವೇಗ ಹೊತ್ತೇ ಮುಂದಕ್ಕೆ ಬೀಳುತ್ತೆ, ಗಾಳಿಯ ತಡೆಗೆ ಸ್ವಲ್ಪ ಹಿಂದುಳಿಯುತ್ತೆ ಅಷ್ಟೇ. ಹಾಗಾಗಿ ಗುರಿ ಇನ್ನೂ ಸುಮಾರು 3 ಕಿಲೋಮೀಟರ್ ದೂರ ಇರುವಾಗಲೇ ಬಿಡಬೇಕು. ತೆರೆಯ ಮೇಲೆ ಊರಿನ ನೆತ್ತಿಗೆ ಬಂದ ಮೇಲೆ ಬಾಗಿಲು ತೆರೀತಾರೆ!

ಕಿತ್ತಳೆ ಬಣ್ಣದ ಬೆಂಕಿಯ ಚೆಂಡು ಪೆಟ್ರೋಲಿನ ಕರಾಮತ್ತು. ನಿಜವಾದ ಸ್ಫೋಟಕದಲ್ಲಿ ಕ್ಷಣದ ಮಿಂಚು, ಆಮೇಲೆ ಬರೀ ಬೂದು ಧೂಳು.

ಎರಡನೇ ಮಹಾಯುದ್ಧದ ಸಾಕ್ಷ್ಯಚಿತ್ರ ನೋಡುವಾಗ ವಿಮಾನದ ಬಾಲ ಗಮನಿಸಿ. ಬ್ರಿಟಿಷರ ರಾತ್ರಿ ದಾಳಿಯ ಕಥೆ ನಡೆದಿರುವಾಗ ಒಂದೇ ದೊಡ್ಡ ಲಂಬ ರೆಕ್ಕೆಯ ಬಾಲ ಕಂಡರೆ ಅದು ಹೆಚ್ಚಾಗಿ ಅಮೆರಿಕದ ಬಿ-17 ಬಾಂಬರ್, ಹಗಲಿನ ದಾಳಿಯದು. ರಾತ್ರಿ ಹೋಗುತ್ತಿದ್ದ ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್‌ಗೆ ಬಾಲದಲ್ಲಿ ಅಂಥ ರೆಕ್ಕೆ ಎರಡು. ಕತ್ತಲಲ್ಲಿ ತೆಗೆದ ಚಿತ್ರ ಕಡಿಮೆ, ಸಂಕಲನಕಾರ ಕೈಗೆ ಸಿಕ್ಕಿದ್ದು ಅಂಟಿಸ್ತಾನೆ. ಅದೂ ಹೋಗಲಿ; ಕಡಿದಾಗಿ ಎರಗಿ ಬಾಂಬ್ ಹಾಕುತ್ತಿದ್ದ ಜರ್ಮನ್ ವಿಮಾನ ಸ್ಟೂಕಾದ ಸೈರನ್ ಕೂಗನ್ನ ಕಂಡಕಂಡ ವಿಮಾನಕ್ಕೆಲ್ಲ ಹಚ್ಚೋದು ಮಾತ್ರ ಸಹಿಸೋಕಾಗಲ್ಲ.